ಪಿಂಚಣಿಯಲ್ಲಿ ಪಾಲು ಕೇಳುವವರು



ಧರ್ಮಕೇಂದ್ರದ ಕಚೇರಿಗೆ ಜನ ಬರುವುದು ಹೆಚ್ಚಾಗಿ ಕಾಗದಪತ್ರಗಳಿಗಾಗಿ. ದೀಕ್ಷಾಸ್ನಾನದ ಪ್ರಮಾಣಪತ್ರ, ಮದುವೆಯ ಪ್ರಮಾಣಪತ್ರ, ಮಗುವನ್ನು ಶಾಲೆಗೆ ಸೇರಿಸಲು ಒಂದು ಶಿಫಾರಸು ಪತ್ರ, ಹೀಗೆ. ಎರಡು ವರ್ಷಗಳ ಹಿಂದೆ, ಅರುವತ್ತು ದಾಟಿದ ಒಬ್ಬ ತಾಯಿ ತಮ್ಮ ಮದುವೆಯ ಪ್ರಮಾಣಪತ್ರ ಕೇಳಿಕೊಂಡು ಬಂದರು. ಅವರ ಯಜಮಾನರು ಸೇನೆಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ತೀರಿಕೊಂಡು ಆಗಲೇ ವರ್ಷವಾಗುತ್ತ ಬಂದಿತ್ತು. ಹಳೆಯ ಪುಸ್ತಕ ತೆಗೆದು ನೋಡಿದೆ, ಪ್ರಮಾಣಪತ್ರ ಬರೆದು ಮೊಹರು ಒತ್ತಿ ಕೊಟ್ಟೆ. ಹೊರಗಿನ ಬೆಂಚಿನ ಮೇಲೆ ಕೈಯಲ್ಲಿ ಫೈಲು ಹಿಡಿದುಕೊಂಡು ಒಬ್ಬರು ಕುಳಿತಿದ್ದರು. ತಮ್ಮನಿರಬಹುದು, ಅಳಿಯನಿರಬಹುದು ಎಂದುಕೊಂಡೆ. ಯಾರೆಂದು ಕೇಳಲಿಲ್ಲ.

ಕೆಲವು ತಿಂಗಳ ಮೇಲೆ ಅದೇ ತಾಯಿ ಯಜಮಾನರ ಆತ್ಮಶಾಂತಿಗಾಗಿ ಪೂಜೆ ಹೇಳಿಸಲು ಬಂದಾಗ ವಿಷಯ ತಿಳಿಯಿತು. ಬೆಂಚಿನ ಮೇಲೆ ಕುಳಿತಿದ್ದವರು ತಮ್ಮನೂ ಅಲ್ಲ, ಅಳಿಯನೂ ಅಲ್ಲ. ಮಾಜಿ ಸೈನಿಕರ ಪಿಂಚಣಿ ಕೆಲಸ ಮಾಡಿಸಿಕೊಡುವವರು. ನಿಂತುಹೋಗಿದ್ದ ಕುಟುಂಬ ಪಿಂಚಣಿ ಕೊನೆಗೂ ಮಂಜೂರಾಗಿ, ಹದಿನಾಲ್ಕು ತಿಂಗಳ ಬಾಕಿ ಸುಮಾರು ಎರಡೂವರೆ ಲಕ್ಷ ರೂಪಾಯಿ ಒಟ್ಟಿಗೆ ಬ್ಯಾಂಕಿಗೆ ಬಂದಿತ್ತು. ಅದರಲ್ಲಿ ಮೂರನೆಯ ಒಂದು ಪಾಲು ಆ ವ್ಯಕ್ತಿಗೆ ಕೊಡುವುದೆಂದು ಛಾಪಾ ಕಾಗದದ ಮೇಲೆ ಮೊದಲೇ ಬರೆಸಿಕೊಳ್ಳಲಾಗಿತ್ತು. ಎರಡು ಖಾಲಿ ಚೆಕ್ಕುಗಳಿಗೆ ಸಹಿಯನ್ನೂ ಮಾಡಿಸಿಕೊಂಡಿದ್ದರು. ಹಣ ಬಂದ ನಾಲ್ಕನೆಯ ದಿನವೇ ಒಂದು ಚೆಕ್ಕು ಪಾಸಾಗಿ ನಲವತ್ತೆರಡು ಸಾವಿರ ಹೋಗಿತ್ತು. ಇನ್ನೊಂದು ಅವರ ಬಳಿಯೇ ಇತ್ತು.

ನಾನು ಸ್ವಲ್ಪ ಸಿಟ್ಟಿನಿಂದ ಮಾತನಾಡಿರಬೇಕು. ಆಕೆ ನನ್ನನ್ನೇ ತಡೆದರು. "ಅವರನ್ನು ಬೈಯಬೇಡಿ ಫಾದರ್. ಅವರಿಲ್ಲದಿದ್ದರೆ ನನಗೆ ಒಂದು ರೂಪಾಯಿಯೂ ಬರುತ್ತಿರಲಿಲ್ಲ" ಎಂದರು. ಈ ಮಾತಿಗೆ ಏನು ಉತ್ತರ ಹೇಳಬೇಕೆಂದು ಆ ದಿನ ನನಗೆ ತೋಚಲಿಲ್ಲ. ಆಮೇಲೆ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಕೊಡಗು, ಬೆಳಗಾವಿ, ಮಂಗಳೂರು, ಬೆಂಗಳೂರಿನ ದಂಡು ಪ್ರದೇಶದ ಸುತ್ತಮುತ್ತ, ಎಲ್ಲ ಕಡೆಯೂ ನಮ್ಮ ಧರ್ಮಕೇಂದ್ರಗಳಲ್ಲಿ ಸೇನೆಯಿಂದ ಬಂದವರೂ ಅವರ ವಿಧವೆಯರೂ ಇದ್ದಾರೆ. ನಿಮ್ಮ ಮನೆಯಲ್ಲೇ ಇರಬಹುದು.

ಮೊದಲು, ತೊಡಕು ಎಲ್ಲಿ ಹುಟ್ಟುತ್ತದೆ ಎಂದು ನೋಡೋಣ. ಸೈನಿಕನಿಗೆ ಮದುವೆಯಾದಾಗ ಆತ ತನ್ನ ಘಟಕದ ಕಚೇರಿಗೆ ತಿಳಿಸಬೇಕು. ಅಲ್ಲಿ 'ಪಾರ್ಟ್ ಟೂ ಆರ್ಡರ್' ಎಂಬ ಆದೇಶದ ಮೂಲಕ ಹೆಂಡತಿಯ ಹೆಸರು ಸೇವಾ ದಾಖಲೆಗೆ ಸೇರುತ್ತದೆ. ಮಕ್ಕಳು ಹುಟ್ಟಿದಾಗಲೂ ಹಾಗೆಯೇ. ಆ ದಾಖಲೆ ಇರುವುದು ಊರಿನಲ್ಲಲ್ಲ, ಆಯಾ ದಳದ ರೆಕಾರ್ಡ್ ಆಫೀಸಿನಲ್ಲಿ. ಮದ್ರಾಸ್ ಇಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ, ಮರಾಠಾ ಲಘು ಪದಾತಿ ದಳದ್ದು ಬೆಳಗಾವಿಯಲ್ಲಿ, ಫಿರಂಗಿ ದಳದ್ದು ನಾಸಿಕದಲ್ಲಿ, ಇ.ಎಂ.ಇ.ಯದು ಸಿಕಂದರಾಬಾದಿನಲ್ಲಿ, ಸಿಗ್ನಲ್ಸ್ ದಳದ್ದು ಜಬಲ್ಪುರದಲ್ಲಿ. ಪಿಂಚಣಿಯ ಆದೇಶ, ಅಂದರೆ ಎಲ್ಲರೂ ಪಿ.ಪಿ.ಓ. ಎಂದು ಕರೆಯುವ ಕಾಗದ, ಹೊರಡುವುದು ಪ್ರಯಾಗರಾಜದಿಂದ. ಹಳ್ಳಿಯಲ್ಲಿರುವ ಒಬ್ಬ ವಿಧವೆಗೆ ಈ ಊರುಗಳ ಹೆಸರೇ ಹೊಸದು.

ಇನ್ನು ನಮ್ಮ ಕ್ರೈಸ್ತ ಹೆಸರುಗಳ ಕಥೆ ನಿಮಗೆ ಗೊತ್ತೇ ಇದೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ಮರಿಯ ಫಿಲೋಮಿನಾ, ಮನೆಯಲ್ಲಿ ಪಿಲ್ಲಮ್ಮ, ರೇಷನ್ ಕಾರ್ಡಿನಲ್ಲಿ ಫಿಲೋಮಿನಮ್ಮ, ಆಧಾರ್ ಕಾರ್ಡಿನಲ್ಲಿ ಮುಂದೆ ತಂದೆಯ ಹೆಸರಿನ ಒಂದು ಅಕ್ಷರ ಬೇರೆ. ಮೂವತ್ತೈದು ವರ್ಷದ ಹಿಂದೆ ದೂರದ ಯಾವುದೋ ಘಟಕದಲ್ಲಿ ಕನ್ನಡ ಬಾರದ ಗುಮಾಸ್ತರೊಬ್ಬರು ಸೈನಿಕ ಹೇಳಿದ್ದನ್ನು ಕಿವಿಗೆ ಬಿದ್ದಂತೆ 'ಮೇರಿ' ಎಂದು ಬರೆದುಕೊಂಡಿದ್ದರೆ, ಯಜಮಾನರು ಬದುಕಿರುವ ತನಕ ಅದರಿಂದ ಯಾವ ತೊಂದರೆಯೂ ಇಲ್ಲ. ಪಿಂಚಣಿ ಅವರ ಹೆಸರಿಗೆ ಬರುತ್ತಿರುತ್ತದೆ. ಅವರು ಕಣ್ಣು ಮುಚ್ಚಿದ ಮೇಲೆ ಆ 'ಮೇರಿ' ಯಾರು, ಈ ಪಿಲ್ಲಮ್ಮ ಯಾರು ಎಂಬ ಪ್ರಶ್ನೆ ಏಳುತ್ತದೆ. ಇಬ್ಬರೂ ಒಬ್ಬರೇ ಎಂದು ತೋರಿಸಬೇಕಾದದ್ದು ಆ ಹೆಣ್ಣುಮಗಳು, ಅದೂ ಸಾವಿನ ದುಃಖದಲ್ಲಿ, ಕೈಯಲ್ಲಿ ಹಣವಿಲ್ಲದ ತಿಂಗಳುಗಳಲ್ಲಿ.

ಇದಕ್ಕಿಂತಲೂ ಸದ್ದಿಲ್ಲದ ನಷ್ಟ ಒಂದಿದೆ. ಪಿಂಚಣಿದಾರರಿಗೂ ಕುಟುಂಬ ಪಿಂಚಣಿ ಪಡೆಯುವವರಿಗೂ 80 ವರ್ಷ ತುಂಬಿದಾಗ ಮೂಲ ಪಿಂಚಣಿಯ ಮೇಲೆ ನೂರಕ್ಕೆ 20, 85ಕ್ಕೆ 30, 90ಕ್ಕೆ 40, 95ಕ್ಕೆ 50 ಹೆಚ್ಚುವರಿಯಾಗಿ ಸಿಗಬೇಕು. ನೂರು ತುಂಬಿದರೆ ಅಷ್ಟೇ ಮೊತ್ತ ಇನ್ನೊಂದು ಸಲ. 2006ರ ಜನವರಿಯಿಂದ ಇದು ಜಾರಿಯಲ್ಲಿದೆ. ಆದರೆ ಅನೇಕ ಹಳೆಯ ಪಿ.ಪಿ.ಓ.ಗಳಲ್ಲಿ ಹೆಂಡತಿಯ ಜನ್ಮದಿನಾಂಕವೇ ನಮೂದಾಗಿಲ್ಲ. ದಿನಾಂಕವಿಲ್ಲದ ಮೇಲೆ ಎಂಬತ್ತು ತುಂಬಿದ್ದು ಕಂಪ್ಯೂಟರಿಗೆ ತಿಳಿಯುವುದು ಹೇಗೆ? ಎಂಬತ್ತಮೂರು ವರ್ಷದ ಅಜ್ಜಿ ಅರುವತ್ತರಲ್ಲಿ ಪಡೆಯುತ್ತಿದ್ದ ಲೆಕ್ಕದಲ್ಲೇ ಪಡೆಯುತ್ತಿರುತ್ತಾರೆ. ಅವರ ಮನೆಯಲ್ಲಿ ಯಾರಿಗೂ ಇದು ಗೊತ್ತಿರುವುದಿಲ್ಲ. ಗೊತ್ತಿರುವವರು ಮನೆ ಹುಡುಕಿಕೊಂಡು ಬರುತ್ತಾರೆ.

ಹಾಗೆ ಬರುವವರೆಲ್ಲ ಕಳ್ಳರೆಂದು ನಾನು ಹೇಳುವುದಿಲ್ಲ. ನಮ್ಮ ಬೆಂಚಿನ ಮೇಲೆ ಕುಳಿತಿದ್ದ ವ್ಯಕ್ತಿಯನ್ನು ಆಮೇಲೆ ನಾನೇ ಹೋಗಿ ಕಂಡೆ. ಅವರೂ ಸೇನೆಯಲ್ಲಿ ಗುಮಾಸ್ತಿಕೆ ಮಾಡಿದವರೇ. ಒಳ್ಳೆಯ ಮಾತುಗಾರ. ನನಗೆ ಕಾಫಿ ತರಿಸಿದರು. "ಫಾದರ್, ಕಚೇರಿಯವರು ಒಂದು ವರ್ಷ ಮಾಡದ ಕೆಲಸವನ್ನು ನಾನು ಮೂರು ತಿಂಗಳಲ್ಲಿ ಮಾಡಿಸಿದ್ದೇನೆ. ವಕೀಲರ ಹತ್ತಿರ ಹೋಗಿದ್ದರೆ ಅವರು ಬಿಡುತ್ತಿದ್ದರೇ?" ಎಂದು ಕೇಳಿದರು. ಆ ಕೆಲಸ ಏನೆಂದು ವಿಚಾರಿಸಿದೆ. ರೆಕಾರ್ಡ್ ಆಫೀಸಿಗೆ ಮೂರು ಪತ್ರ, ನೋಟರಿಯವರ ಎದುರು ಒಂದು ಪ್ರಮಾಣಪತ್ರ, ಎರಡು ಸಲದ ಬಸ್ ಪ್ರಯಾಣ. ಬೇಕಾದ ಮುಖ್ಯ ದಾಖಲೆಯನ್ನು ಬರೆದುಕೊಟ್ಟವನು ನಾನೇ, ಅದೂ ಬಿಟ್ಟಿಯಾಗಿ!

ಈ ಸಂದರ್ಭದಲ್ಲಿ ತೊಬಿತನ ಗ್ರಂಥವನ್ನು ಒಮ್ಮೆ ತೆರೆದು ನೋಡಿ. ನಾವು ಅದನ್ನು ಮದುವೆಯ ಪೂಜೆಗಳಲ್ಲಿ ಓದುತ್ತೇವೆ, ದೇವದೂತ ರಫಾಯೇಲನ ಹಬ್ಬಕ್ಕೆ ನೆನೆಯುತ್ತೇವೆ. ಆದರೆ ಆ ಕಥೆ ಹೊರಡುವುದು ಬರಬೇಕಾದ ಒಂದು ಬಾಕಿ ಹಣದಿಂದ. ಕಣ್ಣು ಕಳೆದುಕೊಂಡ ಮುದುಕ ತೊಬಿತ. ದೂರದ ಮೇದ್ಯ ದೇಶದಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಇಟ್ಟುಬಂದ ಹತ್ತು ತಲಾಂತು ಬೆಳ್ಳಿ. ಅದಕ್ಕೆ ಸಹಿಯಾದ ಒಂದು ಪತ್ರ, ಎರಡು ಭಾಗ ಮಾಡಿ ಒಂದೊಂದನ್ನು ಒಬ್ಬೊಬ್ಬರು ಇಟ್ಟುಕೊಂಡದ್ದು. ಹಣ ತನ್ನದೇ, ಆದರೆ ದಾರಿ ಗೊತ್ತಿಲ್ಲ. ದಾರಿ ಬಲ್ಲ ನಂಬಿಗಸ್ತನೊಬ್ಬನನ್ನು ಕೂಲಿಗೆ ಗೊತ್ತುಮಾಡೆಂದು ಮಗನಿಗೆ ಹೇಳುತ್ತಾನೆ.

ಮುಂದೆ ತೊಬಿತ ಮಾಡುವ ಎರಡು ಕೆಲಸಗಳನ್ನು ಗಮನಿಸಿ. ಬಂದ ಅಪರಿಚಿತನನ್ನು ಕೂರಿಸಿಕೊಂಡು, ನೀನು ಯಾವ ಕುಲದವನು, ಯಾರ ಮಗ ಎಂದು ಕೇಳುತ್ತಾನೆ. ನಿನಗೆ ಕುಲ ಬೇಕೋ ಕೂಲಿಯವನು ಬೇಕೋ ಎಂದು ಆತ ಹಾರಿಕೆಯ ಮಾತಾಡಿದರೂ ಮುದುಕ ಬಿಡುವುದಿಲ್ಲ. (ಇದನ್ನು ಓದುವಾಗ ನನ್ನ ಕಚೇರಿಯ ಬೆಂಚು ನೆನಪಾಗಿ ನಾಚಿಕೆಯಾಯಿತು.) ಎರಡನೆಯದಾಗಿ, ಸಂಬಳವನ್ನು ಹೊರಡುವ ಮೊದಲೇ ಗೊತ್ತುಮಾಡುತ್ತಾನೆ: ದಿನಕ್ಕೆ ಒಂದು ದ್ರಾಕ್ಮ, ಜೊತೆಗೆ ದಾರಿ ಖರ್ಚು, ಕ್ಷೇಮವಾಗಿ ಬಂದರೆ ಸ್ವಲ್ಪ ಹೆಚ್ಚಿಗೆ. ಹತ್ತು ತಲಾಂತಿನಲ್ಲಿ ಇಷ್ಟು ಪಾಲು ಎಂಬ ಮಾತೇ ಇಲ್ಲ. ಹಣ ಸಿಕ್ಕಿ, ಕಣ್ಣೂ ಬಂದ ಮೇಲೆ, ಮಗ ತಾನಾಗಿಯೇ ತಂದದ್ದರಲ್ಲಿ ಅರ್ಧ ತೆಗೆದುಕೋ ಎನ್ನುತ್ತಾನೆ. ರಫಾಯೇಲ ತಾನು ಯಾರೆಂದು ತಿಳಿಸಿ, ದೇವರನ್ನು ಕೊಂಡಾಡಿರೆಂದು ಹೇಳಿ ಹೊರಟುಹೋಗುತ್ತಾನೆ.

ಹಾಗಾದರೆ ನೆರವು ಕೊಟ್ಟವರು ಏನನ್ನೂ ತೆಗೆದುಕೊಳ್ಳಬಾರದೇ? ಹಾಗಲ್ಲ, ನಾವೆಲ್ಲ ದೇವದೂತರಲ್ಲ. ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾರೆ. ಸೆಮಿನರಿಯಲ್ಲಿ ಓದುವಾಗ ಇದೆಲ್ಲ ಯಾವ ಕಾಲದ ಮಾತೋ ಎನಿಸುತ್ತಿತ್ತು. ವಕೀಲನಾದವನು ತನ್ನ ವಾದಕ್ಕೆ ಶುಲ್ಕ ಪಡೆಯಬಹುದೇ ಎಂದು ಕೇಳಿ, ಪಡೆಯಬಹುದು, ಆದರೆ ಮಿತವಾಗಿ, ಮನುಷ್ಯರ ಸ್ಥಿತಿ, ಕೆಲಸದ ಸ್ವರೂಪ, ಪಟ್ಟ ಶ್ರಮ ಮತ್ತು ನಾಡಿನ ವಾಡಿಕೆಯನ್ನು ನೋಡಿ ಪಡೆಯಬೇಕು ಎನ್ನುತ್ತಾರೆ. ಇನ್ನೊಂದು ಕಡೆ ಕೊಡುಕೊಳ್ಳುವಿಕೆಯ ಬಗ್ಗೆ ಬರೆಯುವಾಗ ಇನ್ನೂ ಸೂಕ್ಷ್ಮವಾದ ಮಾತೊಂದನ್ನು ಹೇಳುತ್ತಾರೆ. ಕೊಳ್ಳುವವನಿಗೆ ಒಂದು ವಸ್ತುವಿನಿಂದ ಬಹಳ ಪ್ರಯೋಜನವಾಗುತ್ತದೆ, ಮಾರುವವನಿಗೆ ಮಾತ್ರ ಅದನ್ನು ಕೊಟ್ಟದ್ದರಿಂದ ವಿಶೇಷ ನಷ್ಟವೇನೂ ಇಲ್ಲ ಎಂದಿಟ್ಟುಕೊಳ್ಳಿ. ಆಗ ಅವನು ಬೆಲೆ ಏರಿಸುವಂತಿಲ್ಲ. ಏಕೆಂದರೆ ಆ ಹೆಚ್ಚಿನ ಪ್ರಯೋಜನ ಹುಟ್ಟಿದ್ದು ಮಾರುವವನಿಂದಲ್ಲ, ಕೊಳ್ಳುವವನ ಗರಜಿನಿಂದ. ತನ್ನದಲ್ಲದ್ದನ್ನು ಯಾರೂ ಮಾರಲಾರರು.

ಆ ತಾಯಿಯ ಮಾತಿಗೆ ಉತ್ತರ ನನಗೆ ಸಿಕ್ಕಿದ್ದು ಇಲ್ಲಿ. "ಅವರಿಲ್ಲದಿದ್ದರೆ ಬರುತ್ತಿರಲಿಲ್ಲ" ಎಂಬುದು ನಿಜವೇ ಇರಬಹುದು. ಆದರೂ ಎರಡೂವರೆ ಲಕ್ಷವನ್ನು ಉಂಟುಮಾಡಿದವರು ಅವರಲ್ಲ. ಅದು ಒಬ್ಬ ಸೈನಿಕ ತನ್ನ ಯೌವನವನ್ನೆಲ್ಲ ಕೊಟ್ಟು ಗಳಿಸಿದ್ದು. ಅವರು ಮಾಡಿದ್ದು ಮೂರು ಪತ್ರ, ಎರಡು ಪ್ರಯಾಣ. ಅದಕ್ಕೆ ನ್ಯಾಯವಾದ ಕೂಲಿ ಸಲ್ಲಲೇಬೇಕು. ಎರಡು ಸಾವಿರ ಕೇಳಿದ್ದರೆ ನಾನೇ ಸಂತೋಷದಿಂದ ಕೊಡಿಸುತ್ತಿದ್ದೆ. ಎಂಬತ್ತನಾಲ್ಕು ಸಾವಿರ ಕೇಳಿದ್ದು ಕೆಲಸದ ಬೆಲೆಯಲ್ಲ, ಆಕೆಯ ಅಸಹಾಯಕತೆಯ ಬೆಲೆ. ದುಡಿದವನ ಕೂಲಿಯನ್ನು ಹಿಡಿದಿಟ್ಟುಕೊಂಡರೆ ಆ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂದು ಸಂತ ಯಕೋಬರು ತಮ್ಮ ಪತ್ರದ ಐದನೆಯ ಅಧ್ಯಾಯದಲ್ಲಿ ಎಚ್ಚರಿಸಿದ್ದು ಹೊಲದ ಯಜಮಾನರನ್ನು. ಈಗ ಮೊರೆ ಕಚೇರಿಗಳ ಕಪಾಟಿನಿಂದಲೂ ಏಳುತ್ತಿದೆ, ಬೆಂಚಿನ ಮೇಲಿನ ಫೈಲಿನಿಂದಲೂ ಏಳುತ್ತಿದೆ. ಒಂದು ವರ್ಷ ಕಾಗದವನ್ನು ಅಲುಗಾಡಿಸದೆ ಇಟ್ಟವರು ತಮ್ಮ ಕೈ ಶುದ್ಧವೆಂದುಕೊಳ್ಳಬೇಕಾಗಿಲ್ಲ. ಅವರು ಕೆಲಸ ಮಾಡಿದ್ದರೆ ದಲ್ಲಾಳಿಗೆ ಕೆಲಸವೇ ಇರುತ್ತಿರಲಿಲ್ಲ.

ಕಾನೂನು ಏನು ಹೇಳುತ್ತದೆ? ಪಿಂಚಣಿ ಸರಕಾರ ಕೊಡುವ ಭಿಕ್ಷೆಯಲ್ಲ, ಸಲ್ಲಿಸಿದ ಸೇವೆಗೆ ಬಂದ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯ 1971ರಲ್ಲಿ ದೇವಕಿನಂದನ್ ಪ್ರಸಾದ್ ಮೊಕದ್ದಮೆಯಲ್ಲೇ ಹೇಳಿತು. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿತು. ಪಿಂಚಣಿದಾರರು ಆ ದಿನವನ್ನು ತಮ್ಮ ದಿನವಾಗಿ ಆಚರಿಸುವುದು ಇದರಿಂದಲೇ. ಇದಕ್ಕೂ ಹಿಂದೆ, ಬ್ರಿಟಿಷರ ಕಾಲದಲ್ಲಿ, 1871ರಲ್ಲೇ ಪಿಂಚಣಿ ಕಾಯ್ದೆಯೊಂದು ಬಂದಿತ್ತು. ಅದು ಇಂದಿಗೂ ಇದೆ. ಅದರ 11ನೆಯ ವಿಧಿಯ ಪ್ರಕಾರ ಸಾಲಗಾರ ಪಿಂಚಣಿಯನ್ನು ಜಪ್ತಿ ಮಾಡಿಸುವಂತಿಲ್ಲ. 12ನೆಯ ವಿಧಿಯ ಪ್ರಕಾರ, ಇನ್ನೂ ಕೈಗೆ ಸಲ್ಲುವ ಕಾಲ ಬಾರದ ಪಿಂಚಣಿ ಹಣವನ್ನು ಇನ್ನೊಬ್ಬರಿಗೆ ಬರೆದುಕೊಡುವ ಒಪ್ಪಂದ, ಮಾರಾಟ, ಅಡಮಾನ ಯಾವುದೂ ನಿಲ್ಲುವುದಿಲ್ಲ. ಮುಂದಿನ ತಿಂಗಳುಗಳ ಪಿಂಚಣಿಯಲ್ಲಿ ಇಷ್ಟು ಕೊಡುತ್ತೇನೆಂದು ಯಾರಾದರೂ ಛಾಪಾ ಕಾಗದದ ಮೇಲೆ ಬರೆಸಿಕೊಂಡಿದ್ದರೆ, ಛಾಪಾ ಎಷ್ಟು ರೂಪಾಯಿಯದಾದರೂ ಅದು ಬರಿಯ ಕಾಗದ.

"ವಕೀಲರು ಬಿಡುತ್ತಿದ್ದರೇ" ಎಂಬ ಪ್ರಶ್ನೆಗೂ ಉತ್ತರವಿದೆ. ಮೊಕದ್ದಮೆಯ ಫಲಿತಾಂಶದ ಮೇಲೆ ಶುಲ್ಕ ಗೊತ್ತುಮಾಡುವುದನ್ನೂ, ಬಂದ ಹಣದಲ್ಲಿ ಪಾಲು ಪಡೆಯುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ವಕೀಲರಿಗೆ ಸ್ಪಷ್ಟವಾಗಿ ನಿಷೇಧಿಸಿವೆ. ವಕೀಲನಿಗೇ ಇಲ್ಲದ ಸ್ವಾತಂತ್ರ್ಯವನ್ನು ಯಾವ ನಿಯಮಕ್ಕೂ ಒಳಪಡದ ಮಧ್ಯವರ್ತಿ ತಾನಾಗಿ ತೆಗೆದುಕೊಂಡಿದ್ದಾನೆ.

ಇದು ನಮ್ಮ ದೇಶದ ರೋಗ ಮಾತ್ರವೆಂದು ತಿಳಿಯಬೇಡಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿರುವಾಗಲೇ ಗಾಯಾಳು ಸೈನಿಕರ ಪಿಂಚಣಿ ಅರ್ಜಿಗಳ ಸುತ್ತ ದಲ್ಲಾಳಿಗಳು ನೆರೆದರು. ಅಲ್ಲಿನ ಸರಕಾರ 1862ರಲ್ಲಿ ಅವರ ಶುಲ್ಕಕ್ಕೆ ಐದು ಡಾಲರಿನ ಮಿತಿ ಹಾಕಿತು, 1864ರಲ್ಲಿ ಹತ್ತು ಡಾಲರ್ ಮಾಡಿತು. ಆ ಹತ್ತು ಡಾಲರಿನ ಮಿತಿ ಸರಿಯೆಂದು 1985ರಲ್ಲೂ ಅಲ್ಲಿನ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮೊದಲ ಅರ್ಜಿ ತಯಾರಿಸಿಕೊಡಲು ಹಣ ಪಡೆಯಬಾರದು, ಮಾನ್ಯತೆ ಪಡೆದವರೇ ಸಹಾಯ ಮಾಡಬೇಕು ಎಂಬ ಕಾನೂನು ಅಲ್ಲಿದೆ. ಆದರೆ ಅದನ್ನು ಮುರಿದವರಿಗಿದ್ದ ಕ್ರಿಮಿನಲ್ ಶಿಕ್ಷೆಯನ್ನು 2006ರಲ್ಲಿ ತೆಗೆದುಹಾಕಿದರು. ವಿಷಾನಿಲಗಳಿಗೆ ಈಡಾದ ಸೈನಿಕರಿಗಾಗಿ 2022ರಲ್ಲಿ ದೊಡ್ಡ ಪರಿಹಾರ ಕಾಯ್ದೆ ಬಂದಾಗ, ಶಿಕ್ಷೆಯ ಭಯವಿಲ್ಲದ ಕಂಪನಿಗಳು ಜಾಹೀರಾತು ಹಾಕಿ ಸೈನಿಕರನ್ನು ಕರೆದವು. ಅಲ್ಲಿನ ಮಾಜಿ ಸೈನಿಕರ ಸಂಘಗಳು ಇವರಿಗೆ ಇಟ್ಟ ಹೆಸರು ಶಾರ್ಕ್ ಮೀನು ಎಂದು. ಅದೇ ದೇಶದಲ್ಲಿ ನ್ಯೂಯಾರ್ಕಿನ ಧರ್ಮಗುರುವೊಬ್ಬರು 1935ರಲ್ಲಿ ಕಥೋಲಿಕ ಮಾಜಿ ಸೈನಿಕರ ಸಂಘವೊಂದನ್ನು ಆರಂಭಿಸಿದರು. ನಮ್ಮಲ್ಲಿ ಅಂಥದ್ದೊಂದು ಇಲ್ಲವಲ್ಲ ಎಂದು ನನಗೆ ಅನಿಸಿದ್ದುಂಟು.

ಮತ್ತೆ ನಮ್ಮ ಊರಿಗೆ ಬರೋಣ. ಈಚೆಗೆ ಹೆಚ್ಚಾಗಿ ಕೇಳಿಬರುವುದು ಅಂಗವೈಕಲ್ಯ ಪಿಂಚಣಿಯ ವಿಷಯ. ಸೇನೆಗೆ ಸೇರುವಾಗ ವೈದ್ಯರು ಪರೀಕ್ಷಿಸಿ ಆರೋಗ್ಯವಂತನೆಂದು ಬರೆದುಕೊಂಡಿದ್ದರೆ, ಮುಂದೆ ಬಂದ ಕಾಯಿಲೆ ಸೇವೆಯಿಂದಲ್ಲ ಎಂದು ತೋರಿಸುವ ಹೊಣೆ ಸರಕಾರದ್ದು ಎಂದು ಸರ್ವೋಚ್ಚ ನ್ಯಾಯಾಲಯ 2013ರ ಧರ್ಮವೀರ್ ಸಿಂಗ್ ಮೊಕದ್ದಮೆಯಲ್ಲಿ 1982ರ ನಿಯಮಗಳನ್ನು ಅರ್ಥೈಸಿತು. ಇದರಿಂದ ಎಷ್ಟೋ ಮಂದಿಗೆ ನ್ಯಾಯ ಸಿಕ್ಕಿದೆ. 2023ರ ಸೆಪ್ಟೆಂಬರಿನಲ್ಲಿ ಹೊಸ ನಿಯಮಗಳು ಬಂದಿವೆ. ಯಾವಾಗ ಸೇವೆ ಬಿಟ್ಟಿರೆಂಬುದರ ಮೇಲೆ ಲೆಕ್ಕ ಬೇರೆಯಾಗುತ್ತದೆ. ಆದರೆ ಮಧ್ಯವರ್ತಿ ಇಂಥ ವಿವರಕ್ಕೆ ಹೋಗುವುದಿಲ್ಲ. "ಕಿವಿ ಕೇಳಿಸುವುದಿಲ್ಲ ಎಂದು ಬರೆಯಿರಿ, ಮಿಕ್ಕದ್ದು ನನಗೆ ಬಿಡಿ" ಎನ್ನುತ್ತಾನೆ. ಅರ್ಜಿಯ ಕೆಳಗೆ ಸಹಿ ಯಾರದು? ಸೈನಿಕನದು. ನಾಳೆ ಸುಳ್ಳೆಂದು ತಿಳಿದರೆ ಮುಖ ತಗ್ಗಿಸಬೇಕಾದವನೂ ಅವನೇ. ಇಲ್ಲಿ ಮಾಜಿ ಸೈನಿಕ ಸಹೋದರರಿಗೂ ಒಂದು ಮಾತು ಹೇಳಬೇಕು: ಇಲ್ಲದ ಕಾಯಿಲೆಯನ್ನು ಇದೆಯೆಂದು ಬರೆದು ಪಡೆಯುವ ಹಣ ನಿಮ್ಮ ಹಕ್ಕಲ್ಲ. ಅಂಥ ಅರ್ಜಿಗಳು ಹೆಚ್ಚಾದಷ್ಟೂ ನಿಜವಾಗಿ ಕಾಲು ಕಳೆದುಕೊಂಡವನ ಅರ್ಜಿಯನ್ನೂ ಸಂಶಯದಿಂದಲೇ ನೋಡುತ್ತಾರೆ.

ಇನ್ನೊಂದು ಬಗೆ ದೂರವಾಣಿಯದು. ಪ್ರಯಾಗರಾಜದಿಂದ ಮಾತಾಡುತ್ತಿದ್ದೇವೆ, 'ಸ್ಪರ್ಶ್' ಕಚೇರಿಯಿಂದ ಮಾತಾಡುತ್ತಿದ್ದೇವೆ, ಜೀವಂತ ಪ್ರಮಾಣಪತ್ರ ಬಂದಿಲ್ಲ, ಪಿಂಚಣಿ ನಿಲ್ಲುತ್ತದೆ, ಮೊಬೈಲಿಗೆ ಬಂದ ಸಂಖ್ಯೆ ಹೇಳಿ ಎನ್ನುತ್ತಾರೆ. ಆ ಓ.ಟಿ.ಪಿ. ಸಂಖ್ಯೆಯನ್ನು ಯಾರಿಗೂ ಹೇಳಬೇಡಿ. ಯಾವ ಸರಕಾರಿ ಕಚೇರಿಯೂ ಅದನ್ನು ಫೋನಿನಲ್ಲಿ ಕೇಳುವುದಿಲ್ಲ. ಎ.ಟಿ.ಎಂ. ಕಾರ್ಡನ್ನು ಸಾಲಕ್ಕೆ ಅಡವಿಟ್ಟವರೂ ನಮ್ಮಲ್ಲಿದ್ದಾರೆ. ಪಿಂಚಣಿ ಬಂದ ದಿನ ಸಾಲ ಕೊಟ್ಟವನೇ ಹೋಗಿ ಹಣ ತೆಗೆದು, ಉಳಿದದ್ದನ್ನು ಮುದುಕನ ಕೈಗೆ ಎಣಿಸಿ ಕೊಡುತ್ತಾನೆ.

ಹಾಗಾದರೆ ಎಲ್ಲಿಗೆ ಹೋಗಬೇಕು? ಮೊದಲ ಬಾಗಿಲು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ. ಮಡಿಕೇರಿ, ಮಂಗಳೂರು, ಬೆಳಗಾವಿ, ಮೈಸೂರು ಮುಂತಾದ ಕಡೆ ಇದೆ. ನಿಮ್ಮ ಜಿಲ್ಲೆಯಲ್ಲಿ ಇಲ್ಲದಿದ್ದರೆ ಯಾವ ಕಚೇರಿಗೆ ಸೇರಿದ್ದೀರೆಂದು ವಿಚಾರಿಸಿಕೊಳ್ಳಿ. ಅಲ್ಲಿ ಅರ್ಜಿ ಬರೆದುಕೊಡುವುದಕ್ಕೆ, ರೆಕಾರ್ಡ್ ಆಫೀಸಿಗೆ ಕಳುಹಿಸುವುದಕ್ಕೆ ಶುಲ್ಕವಿಲ್ಲ. ಪಿಂಚಣಿಯೇ ಇಲ್ಲದೆ ಸೇನೆಯಿಂದ ಬಂದ, 65 ದಾಟಿದ ಹವಾಲ್ದಾರ್ ದರ್ಜೆಯ ತನಕದವರಿಗೂ ಅವರ ವಿಧವೆಯರಿಗೂ ಕೇಂದ್ರ ರಕ್ಷಣಾ ಇಲಾಖೆಯ ನಿಧಿಯಿಂದ ಸಿಗುವ ತಿಂಗಳ ನೆರವಿಗೆ ಅರ್ಜಿ ಹೋಗುವುದೂ ಇದೇ ಕಚೇರಿಯ ಮೂಲಕ. 4,000 ರೂಪಾಯಿ ಇದ್ದ ಆ ನೆರವನ್ನು 2025ರ ನವೆಂಬರಿನಿಂದ 8,000ಕ್ಕೆ ಏರಿಸಿದ್ದಾರೆ. 'ಸ್ಪರ್ಶ್' ವ್ಯವಸ್ಥೆಯಲ್ಲಿ ಪಿಂಚಣಿ ಪಡೆಯುವವರು ಹತ್ತಿರದ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ ವಿವರ ಸರಿಪಡಿಸಿಕೊಳ್ಳಬಹುದು, ಜೀವಂತ ಪ್ರಮಾಣಪತ್ರ ಕೊಡಬಹುದು; ಅದರ ಸೇವಾಶುಲ್ಕವನ್ನು ರಕ್ಷಣಾ ಲೆಕ್ಕ ಇಲಾಖೆಯೇ ಭರಿಸುತ್ತದೆ. ಪತ್ರ ಬರೆದು ತಿಂಗಳುಗಳಾದರೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ. ನನ್ನ ಕಡತ ಯಾರ ಮೇಜಿನ ಮೇಲೆ ಎಷ್ಟು ದಿನದಿಂದ ಇದೆ ಎಂದು ಕೇಳಿದರೆ ಸಾಕು, ಕಡತಕ್ಕೆ ಕಾಲು ಬರುವುದನ್ನು ನಾನೇ ಕಂಡಿದ್ದೇನೆ.

ವಕೀಲರು ಬೇಕಾದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ನೆರವು. ಸೈನಿಕರಿಗೂ ಅವರ ಕುಟುಂಬಗಳಿಗೂ ಎಂದೇ 2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿನದಂದು, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಒಂದು ವಿಶೇಷ ಯೋಜನೆಯನ್ನೂ ಆರಂಭಿಸಿದೆ. ಆದರೆ ತಡಮಾಡಬೇಡಿ. ವರ್ಷಗಟ್ಟಲೆ ಸುಮ್ಮನಿದ್ದು ನ್ಯಾಯಾಲಯಕ್ಕೆ ಹೋದರೆ ಬಾಕಿಯನ್ನು ಸಾಮಾನ್ಯವಾಗಿ ಹಿಂದಿನ ಮೂರು ವರ್ಷಕ್ಕೆ ಮಾತ್ರ ಸೀಮಿತಗೊಳಿಸುತ್ತಾರೆ; 2008ರ ತರಸೇಮ್ ಸಿಂಗ್ ತೀರ್ಪಿನಿಂದ ಹೀಗೆ ನಡೆದುಬಂದಿದೆ.

ಎಲ್ಲಕ್ಕಿಂತ ಒಳ್ಳೆಯದು, ಯಜಮಾನರು ಬದುಕಿರುವಾಗಲೇ ಒಂದು ಸಂಜೆ ಕುಳಿತು ಪಿ.ಪಿ.ಓ., ಡಿಸ್ಚಾರ್ಜ್ ಪುಸ್ತಕ, ಇಬ್ಬರ ಆಧಾರ್ ಕಾರ್ಡು, ಬ್ಯಾಂಕ್ ಪುಸ್ತಕ ಎಲ್ಲವನ್ನೂ ಮಂಚದ ಮೇಲೆ ಹರಡಿ ನೋಡುವುದು. ಹೆಂಡತಿಯ ಹೆಸರು ಎಲ್ಲದರಲ್ಲೂ ಒಂದೇ ರೀತಿ ಇದೆಯೇ? ಜನ್ಮದಿನಾಂಕ ಇದೆಯೇ? ಬ್ಯಾಂಕ್ ಖಾತೆ ಇಬ್ಬರ ಹೆಸರಿನಲ್ಲಿದೆಯೇ? ತಪ್ಪಿದ್ದರೆ ಈಗಲೇ ಸೈನಿಕರೇ ತಮ್ಮ ಕೈಯಿಂದ ಬರೆದು ತಿದ್ದಿಸಿಕೊಳ್ಳಬಹುದು. ಸಾವಿನ ಮಾತು ಅಪಶಕುನವೆಂದು ಇದನ್ನು ಮುಂದೂಡುವ ಮನೆಗಳನ್ನು ಕಂಡಿದ್ದೇನೆ. ಗುಂಡಿನ ಎದುರು ನಿಂತವರಿಗೆ ಒಂದು ಕಾಗದದ ಭಯವೇಕೋ!

ಆ ತಾಯಿಯ ವಿಷಯ ಏನಾಯಿತೆಂದು ಹೇಳಿಬಿಡುತ್ತೇನೆ. ಕಾನೂನು ಸೇವಾ ಪ್ರಾಧಿಕಾರದ ವಕೀಲೆಯೊಬ್ಬರು ಆ ವ್ಯಕ್ತಿಗೆ ಒಂದು ಪತ್ರ ಬರೆದರು. ಎರಡನೆಯ ಚೆಕ್ಕು ಹರಿದ ಸ್ಥಿತಿಯಲ್ಲಿ ಅಂಚೆಯಲ್ಲಿ ಬಂತು. ಹೋದ ನಲವತ್ತೆರಡು ಸಾವಿರ ಹಿಂದೆ ಬರಲಿಲ್ಲ. ಅದಕ್ಕಾಗಿ ಮುಂದೆ ಹೋರಾಡಲು ಆಕೆಗೆ ಇಷ್ಟವಿರಲಿಲ್ಲ. ಇಷ್ಟವಿಲ್ಲದವರನ್ನು ಒತ್ತಾಯಿಸಲು ನನಗೂ ಮನಸ್ಸು ಬರಲಿಲ್ಲ. ಅದು ಸರಿಯೋ ತಪ್ಪೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ನಮ್ಮ ಧರ್ಮಕೇಂದ್ರದಲ್ಲಿ ಈಗ ನವೆಂಬರ್ ತಿಂಗಳ ಮೊದಲ ಎರಡು ಭಾನುವಾರ, ಮೃತರ ಸ್ಮರಣೆಯ ಪೂಜೆಗಳಾದ ಮೇಲೆ, ಯುವಕರಿಬ್ಬರು ಬೆರಳಚ್ಚಿನ ಯಂತ್ರ ಇಟ್ಟುಕೊಂಡು ಧರ್ಮೋಪದೇಶದ ಕೋಣೆಯಲ್ಲಿ ಕುಳಿತುಕೊಳ್ಳುತ್ತಾರೆ. ಯಾವ ಮತದವರಾದರೂ ಬರಬಹುದು, ಬರುತ್ತಾರೆ ಕೂಡ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಪಿ.ಪಿ.ಓ. ಓದಿ ಹೇಳುತ್ತಾರೆ. ಪ್ರಮಾಣಪತ್ರ ಕೇಳಿ ಬಂದವರನ್ನು ನಾನು ಈಗ "ಜೊತೆಗೆ ಬಂದವರು ಯಾರಮ್ಮ?" ಎಂದು ಕೇಳುತ್ತೇನೆ. ಬಹಳ ಸಲ ಅದು ನಿಜವಾಗಿಯೂ ಅಳಿಯನೇ ಆಗಿರುತ್ತಾನೆ, ಮತ್ತು ನನ್ನನ್ನು ವಿಚಿತ್ರವಾಗಿ ನೋಡುತ್ತಾನೆ.

ಕಳೆದ ತಿಂಗಳು ಅದೇ ತಾಯಿ ಪಕ್ಕದ ಮನೆಯ ಅಜ್ಜಿಯೊಬ್ಬರನ್ನು ಕೈಹಿಡಿದು ಕರೆತಂದರು. ಎಂಬತ್ತನಾಲ್ಕು ವರ್ಷ. ಪಿ.ಪಿ.ಓ.ದಲ್ಲಿ ಜನ್ಮದಿನಾಂಕದ ಜಾಗ ಖಾಲಿ. ರೆಕಾರ್ಡ್ ಆಫೀಸಿಗೆ ಪತ್ರ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ.